ಭಾಷಣವೇ ಮುಖ್ಯ, ಸಿನಿಮಾ ನೆಪ!

ಮಾನ್ಯರೇ,

ಭಾನುವಾರ ನಮ್ಮ ಬಡಾವಣೆಯ ಸಭಾಂಗಣದ ಸಿನಿಮಾ ಪ್ರದರ್ಶನ 'ಯಶಸ್ವಿಯಾಗಿ ಜರುಗಿತು' ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಿಮ್ಮ ವರದಿಗಾರರು ಹಾರ ಹಾಕುವ ತನಕ ಇದ್ದು ಎದ್ದು ಹೋಗಿರಬೇಕು. ಸಿನಿಮಾ ಪೂರ್ತಿ ತೋರಿಸಲೇ ಇಲ್ಲ!

ಹಾಕಿದ್ದು 1953ರ ಹಾಲಿವುಡ್ ಸಿನಿಮಾ 'ದಿ ಬಿಗ್ ಹೀಟ್'. ಅದರ ನಟಿ ಗ್ಲೋರಿಯಾ ಗ್ರಹಾಂ ಅವರನ್ನು ಒಮ್ಮೆಯಾದರೂ ದೊಡ್ಡ ಪರದೆಯಲ್ಲಿ ನೋಡೋಣ ಅಂತ ಮಂಡಿ ನೋವಿದ್ದರೂ ಹೋದೆ. ಲಿಫ್ಟ್ ಕೆಟ್ಟಿತ್ತು. ಫ್ಯಾನ್ ಇತ್ತು, ತಿರುಗುತ್ತಿರಲಿಲ್ಲ. ಮುಖ್ಯ ಅತಿಥಿ ಸಾಹೇಬರು ತಡವಾಗಿ ದಯಮಾಡಿಸಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಆಮೇಲೆ ಭಾಷಣ. ಆ ಕಾಲದ ನಟಿಯರೆಲ್ಲ ಬರೀ ಗ್ಲಾಮರ್ ಗೊಂಬೆಗಳಂತೆ. ಹಾಗಂತ ಅಪ್ಪಣೆ ಕೊಡಿಸಿದರು.

ಸ್ವಾಮಿ, ಗ್ಲೋರಿಯಾ ಎಂಬ ಆ ಗೊಂಬೆಗೆ ಯಾವ ಪಾತ್ರ ಕೊಡಬೇಕೆಂದು ಎಂಜಿಎಂ ಸ್ಟುಡಿಯೋದವರಿಗೂ ತಿಳಿಯಲಿಲ್ಲ. ಕಾಂಟ್ರಾಕ್ಟನ್ನೇ ಆರ್‌ಕೆಓ ಸ್ಟುಡಿಯೋಗೆ ಮಾರಿಬಿಟ್ಟರು. ಅಲ್ಲಿ 1947ರ 'ಕ್ರಾಸ್‌ಫೈರ್'ನ ಸಣ್ಣ ಪಾತ್ರಕ್ಕೇ ಆಸ್ಕರ್ ನಾಮನಿರ್ದೇಶನ ಬಂತು. 1950ರಲ್ಲಿ 'ಇನ್ ಎ ಲೋನ್ಲಿ ಪ್ಲೇಸ್'. ಪ್ರೀತಿಸಿದ ನಾಯಕ ಬೋಗಾರ್ಟೇ ಕೊಲೆ ಮಾಡಿರಬಹುದಾ ಎಂಬ ಅನುಮಾನ ಗ್ಲೋರಿಯಾ ಅವರ ಕಣ್ಣಲ್ಲೇ ಬೆಳೆಯುತ್ತಾ ಹೋಗುತ್ತದೆ. 'ದಿ ಬ್ಯಾಡ್ ಅಂಡ್ ದಿ ಬ್ಯೂಟಿಫುಲ್'ನಲ್ಲಿ ಪರದೆ ಮೇಲೆ ಇದ್ದದ್ದು ಹತ್ತು ನಿಮಿಷಕ್ಕೂ ಕಡಿಮೆ. ಅಷ್ಟಕ್ಕೇ ಪೋಷಕ ನಟಿ ಆಸ್ಕರ್! ನಮ್ಮ ಸಾಹೇಬರಿಗೆ ಅಷ್ಟು ಹೊತ್ತಿನಲ್ಲಿ ವೇದಿಕೆ ಮೇಲಿದ್ದ ಗಣ್ಯರ ಹೆಸರು ಹೇಳಿ ಮುಗಿಸಲೂ ಆಗಲಿಲ್ಲ.

ಕೊನೆಗೂ ಸಿನಿಮಾ ಶುರುವಾಯಿತು. ಖಳನ ಪಾತ್ರದ ಲೀ ಮಾರ್ವಿನ್ ಆಕೆಯ ಮುಖಕ್ಕೆ ಕುದಿಯುವ ಕಾಫಿ ಎರಚುತ್ತಾನೆ. ಎರಚುವುದನ್ನು ತೋರಿಸುವುದಿಲ್ಲ. ಕುದಿಯುವ ಕಾಫಿ ಪಾತ್ರೆ ಕಾಣುತ್ತದೆ, ಆಮೇಲೆ ಚೀರಾಟ. ಅಲ್ಲಿಂದಾಚೆಗೆ ಅರ್ಧ ಮುಖಕ್ಕೆ ಬ್ಯಾಂಡೇಜ್. ಉಳಿದರ್ಧದಲ್ಲೇ ಸಿಟ್ಟು, ತಮಾಷೆ, ನಾಚಿಕೆ ಎಲ್ಲ! ಅದೇ ಕಾಫಿಯನ್ನು ಅವನಿಗೆ ವಾಪಸ್ ಎರಚುವ ಘಳಿಗೆ ಬಂತು ಅನ್ನುವಷ್ಟರಲ್ಲಿ 'ಟೈಮ್ ಆಯ್ತು, ಬೀಗ ಹಾಕ್ಬೇಕು' ಅಂತ ಲೈಟ್ ಹಾಕಿಬಿಟ್ಟರು. ಭಾಷಣದ ಹೊತ್ತಿಗೆ ಈ ಟೈಮ್ ಎಲ್ಲಿ ಹೋಗಿತ್ತು?

ವಾಪಸ್ ಬರುವ ದಾರಿಯಲ್ಲಿ ಒಂದು ಬೀದಿ ದೀಪವೂ ಇಲ್ಲ. ಇಂಥ ಅಪರಾಧ ಕಥೆಯ 'ನ್ವಾರ್' ಸಿನಿಮಾದ ಕತ್ತಲೆ ಪರದೆ ಮೇಲಿದ್ದರೆ ಸಾಕು, ನಮ್ಮ ಬೀದಿಗೆ ಬೇಡ. ಹೋದ ಮಳೆಗಾಲದಲ್ಲಿ ಅಗೆದ ಚರಂಡಿಯನ್ನು ಇನ್ನೂ ಮುಚ್ಚಿಲ್ಲ. ಗ್ರಂಥಾಲಯದ ಸೂರು ಸೋರುತ್ತದೆ ಅಂತ ಅರ್ಜಿ ಕೊಟ್ಟರೆ 'ಮೇಲಿನವರಿಗೆ ಕಳಿಸಿದ್ದೇವೆ' ಅನ್ನುತ್ತಾರೆ. ಆ ಮೇಲಿನವರು ಎಷ್ಟು ಮೇಲಿದ್ದಾರೋ, ದೇವರೇ ಬಲ್ಲ.

ಸಂಬಂಧಪಟ್ಟವರು ಆ ಸಿನಿಮಾವನ್ನು ಇನ್ನೊಮ್ಮೆ ಪೂರ್ತಿ ತೋರಿಸಲಿ. ಆಗದಿದ್ದರೆ 'ಸನ್ಮಾನ ಸಮಾರಂಭ, ಸಮಯ ಉಳಿದರೆ ಸಿನಿಮಾ' ಅಂತ ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಲಿ. ಚರಂಡಿಯನ್ನೂ ಮುಚ್ಚಿಸಲಿ. ಇವರಿಗೆ ಹೇಳೋರು ಕೇಳೋರು ಯಾರೂ ಇಲ್ವಾ?

– ನೊಂದ ಪ್ರೇಕ್ಷಕ