ಮೋಟಾರು ಚರಿತ್ರೆಯಲ್ಲಿ ಮೇಬ್ಯಾಕ್ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಮೋಟಾರು ವಾಹನ ಹುಟ್ಟಿದ ಕಥೆ ನಮ್ಮಲ್ಲಿ ಸಾಮಾನ್ಯವಾಗಿ ಕಾರ್ಲ್ ಬೆಂಜ್ ಮತ್ತು ಗಾಟ್‌ಲೀಬ್ ಡೈಮ್ಲರ್ ಅವರ ಹೆಸರುಗಳಿಗೇ ಮುಗಿದುಹೋಗುತ್ತದೆ. ಡೈಮ್ಲರ್ ಅವರ ಎಂಜಿನ್‌ಗಳನ್ನು ನಕ್ಷೆಗಿಳಿಸಿ ಓಡುವಂತೆ ಮಾಡಿದ ವಿಲ್‌ಹೆಲ್ಮ್ ಮೇಬ್ಯಾಕ್ ಇಂದು ಬಹುತೇಕರಿಗೆ ಕೋಟಿಗಟ್ಟಲೆ ಬೆಲೆಯ ಕಾರಿನ ಹೆಸರಾಗಿ ಮಾತ್ರ ಗೊತ್ತಿರುವುದು ನೋವಿನ ಸಂಗತಿ.

1846ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಹುಟ್ಟಿದ ಮೇಬ್ಯಾಕ್, ಹತ್ತರ ವಯಸ್ಸಿಗೇ ತಂದೆತಾಯಿ ಇಲ್ಲದವರಾಗಿ, ರಾಯ್ಟ್‌ಲಿಂಗನ್‌ನ ಆಶ್ರಮವೊಂದರಲ್ಲಿ ಬೆಳೆದು, ಅಲ್ಲಿನ ಕಾರ್ಖಾನೆಯಲ್ಲೇ ಡ್ರಾಯಿಂಗ್ ಕಲಿತರು. ಆ ಕಾರ್ಖಾನೆಯ ಮೇಲ್ವಿಚಾರಣೆಗೆ ಬಂದ ಡೈಮ್ಲರ್ ಹುಡುಗನ ಕೈಚಳಕವನ್ನು ಗುರುತಿಸಿದರು. ಮುಂದೆ ಡಾಯ್ಟ್ಸ್ ಎಂಜಿನ್ ಕಂಪನಿಯಲ್ಲಿ ಸಂಶೋಧಕ ನಿಕೋಲಸ್ ಆಟೋ ಅವರ ಫೋರ್ ಸ್ಟ್ರೋಕ್ (ಪಿಸ್ಟನ್‌ನ ನಾಲ್ಕು ಚಲನೆಗಳಲ್ಲಿ ಒಂದು ಆವರ್ತ ಮುಗಿಸುವ) ಎಂಜಿನ್ ಅನ್ನು ಉತ್ಪಾದನೆಗೆ ಸಜ್ಜುಗೊಳಿಸಿದ್ದು, 1885ರಲ್ಲಿ ಕಾನ್‌ಸ್ಟಾಟ್‌ನ ತೋಟದ ಮನೆಯಲ್ಲಿ ಎಂಜಿನ್ ಕೂರಿಸಿದ ದ್ವಿಚಕ್ರ ವಾಹನವನ್ನು ರೂಪಿಸಿದ್ದು, ಎಲ್ಲದರಲ್ಲೂ ಮೇಬ್ಯಾಕ್ ಅವರ ಕೈಯಿದೆ.

ಅವರ ನಿಜವಾದ ದೊಡ್ಡತನ ಕಾಣುವುದು 1893ರ ಕಾರ್ಬುರೇಟರ್‌ನಲ್ಲಿ, ಅಂದರೆ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್‌ಗೆ ಕೊಡುವ ಸಾಧನದಲ್ಲಿ. ಅದಕ್ಕೆ ಮೊದಲು ಪೆಟ್ರೋಲ್‌ನ ಮೇಲ್ಮೈಯಿಂದ ಏಳುವ ಆವಿಯನ್ನೇ ಎಂಜಿನ್‌ಗಳು ನೆಚ್ಚಿಕೊಂಡಿದ್ದವು. ಮಿಶ್ರಣ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುತ್ತಿರಲಿಲ್ಲ. ಮೇಬ್ಯಾಕ್ ಪುಟ್ಟ ಕೋಣೆಯೊಂದರಲ್ಲಿ ಫ್ಲೋಟ್ (ತೇಲುಗುಂಡು) ಇಟ್ಟು ಪೆಟ್ರೋಲ್ ಮಟ್ಟವನ್ನು ಸಮವಾಗಿರಿಸಿ, ಪಿಸ್ಟನ್ ಎಳೆಯುವ ಗಾಳಿಯೇ ಜೆಟ್ ಎಂಬ ಕಿರುರಂಧ್ರದ ನಳಿಕೆಯಿಂದ ಇಂಧನವನ್ನು ತುಂತುರಾಗಿ ಹೀರಿಕೊಳ್ಳುವಂತೆ ಮಾಡಿದರು. 2020ರ ಬಿಎಸ್–6 ಹೊಗೆ ನಿಯಂತ್ರಣ ನಿಯಮದ ನಂತರ, ಇಂಧನವನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ವ್ಯಾಪಕವಾಗುವವರೆಗೂ ನಮ್ಮೂರ ಮೆಕ್ಯಾನಿಕ್‌ಗಳು ಬಿಚ್ಚಿ, ಊದಿ, ಜೆಟ್ ಸ್ವಚ್ಛಗೊಳಿಸುತ್ತಿದ್ದ ಸ್ಕೂಟರ್, ಬೈಕ್‌ಗಳ ಕಾರ್ಬುರೇಟರ್ ನಡೆದದ್ದು ಇದೇ ತತ್ತ್ವದ ಮೇಲೆ.

1900ರಲ್ಲಿ ಡೈಮ್ಲರ್ ತೀರಿಕೊಂಡರು. ಅದೇ ಅವಧಿಯಲ್ಲಿ ವ್ಯಾಪಾರಿ ಎಮಿಲ್ ಯೆಲ್ಲಿನೆಕ್ ಅವರ ಬೇಡಿಕೆಗಾಗಿ ಮೇಬ್ಯಾಕ್ ರೂಪಿಸಿದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರು 1901ರಲ್ಲಿ ಫ್ರಾನ್ಸ್‌ನ ನೀಸ್‌ನಲ್ಲಿ ನಡೆದ ಸ್ಪರ್ಧೆಗಳಲ್ಲಿ ಮೇಲುಗೈ ಸಾಧಿಸಿತು. ತಗ್ಗಾದ ಚಾಸಿಸ್ (ಅಡಿಚೌಕಟ್ಟು), 8 ಸಾವಿರಕ್ಕೂ ಹೆಚ್ಚು ಕಿರುಕೊಳವೆಗಳನ್ನು ಜೇನುಹಟ್ಟಿಯಂತೆ ಜೋಡಿಸಿದ, ಎಂಜಿನ್ ತಣಿಸುವ ರೇಡಿಯೇಟರ್: ಕುದುರೆಯಿಲ್ಲದ ಗಾಡಿಯಂತಿದ್ದ ವಾಹನ ಕಾರಿನ ಆಕಾರಕ್ಕೆ ಬಂದದ್ದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಷ್ಟೆಲ್ಲ ಕೊಟ್ಟವರು ಕಂಪನಿಯೊಳಗೆ ಕ್ರಮೇಣ ಮೂಲೆಗುಂಪಾಗಿ, 1907ರಲ್ಲಿ ಅಲ್ಲಿಂದ ಹೊರಬಂದರು. ಬಳಿಕ ಮಗ ಕಾರ್ಲ್ ಜೊತೆ ಜೆಪ್ಪೆಲಿನ್ ವಾಯುನೌಕೆಗಳ ಎಂಜಿನ್ ಉದ್ಯಮವನ್ನು ಕಟ್ಟಿದ ಅವರು 1929ರಲ್ಲಿ ನಿಧನರಾದರು.

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಆ ಕಾರ್ಬುರೇಟರ್‌ನ ಚಿತ್ರದೊಂದಿಗೆ ಮೇಬ್ಯಾಕ್ ಅವರ ಕುರಿತು ಲೇಖನವೊಂದನ್ನು ಪ್ರಕಟಿಸಿದರೆ ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಬಹಳ ಉಪಯೋಗವಾಗುತ್ತದೆ. ದಯವಿಟ್ಟು ಪರಿಶೀಲಿಸಬೇಕೆಂದು ಕೋರುತ್ತೇನೆ.

– ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕ, ಹಾಸನ