ಯಾವ ಸ್ಕೋರ್ ಕಳಿಸಲಿ ಅಂತ ಕೇಳಿದ ಪುಟ್ಟಿಗೆ

ಎಡಿಸನ್, ನ್ಯೂಜೆರ್ಸಿ

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಹಾಕಿಕೊಂಡು ಕೇಳಿದೆ. ಹಿಂದೆ ಪಟಾಕಿ ಸದ್ದು, ಮಧ್ಯೆ ಎಣ್ಣೆ ಹಚ್ಚಿಕೊಳ್ಳೋಕೆ ಬಾ ಅಂತ ನಿಮ್ಮಮ್ಮನ ಕೂಗು. ಅಷ್ಟರಲ್ಲೂ ಇಲ್ಲಿನ ಕಾಲೇಜುಗಳಿಗೆ ಅರ್ಜಿ ಹಾಕುತ್ತಿರುವ ನಿನ್ನ ಪ್ರಶ್ನೆ ಗೊತ್ತಾಯಿತು: "ದೊಡ್ಡಮ್ಮಾ, ಎಸ್‌ಎಟಿ ಸ್ಕೋರ್ ಕಳಿಸಲಾ, ಬೇಡ್ವಾ? ಕಳಿಸಿದ್ರೆ ಯಾವ್ದು?" ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಈ ಎಸ್‌ಎಟಿ ಪರೀಕ್ಷೆಯ ನಿನ್ನ ಎರಡು ಸ್ಕೋರ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಆಗಸ್ಟ್‌ನಲ್ಲಿ ರೀಡಿಂಗ್-ರೈಟಿಂಗ್ 640, ಗಣಿತ 770, ಒಟ್ಟು 1410. ಅಕ್ಟೋಬರ್‌ನಲ್ಲಿ 700, 730, ಒಟ್ಟು 1430. ಎರಡನೇ ಸಲ ಗಣಿತದ ಕೊನೆಯ ಮೂರು ಲೆಕ್ಕಕ್ಕೆ ಟೈಮ್ ಸಾಲಲಿಲ್ಲ ಅಂದೆ. 35 ನಿಮಿಷಕ್ಕೆ 22 ಪ್ರಶ್ನೆ, ಎರಡನೇ ಮಾಡ್ಯೂಲ್, ಅಂದರೆ ಎರಡನೇ ಕಂತು, ಮೊದಲನೆಯದಕ್ಕಿಂತ ಗಟ್ಟಿ ಬಂದರೆ ಹಾಗಾಗುತ್ತದೆ, ಬಿಡು. ಆದರೆ ಆಮೇಲೆ ನೀನು, ನಿಮ್ಮಪ್ಪ ಕೂತು ಒಂದು ತೀರ್ಮಾನ ಮಾಡಿದ್ದೀರಲ್ಲ, ಜಾಸ್ತಿ ಬಂದದ್ದು ಅಕ್ಟೋಬರ್, ಅದನ್ನು ಮಾತ್ರ ಕಳಿಸೋಣ, ಆಗಸ್ಟ್ ಮುಚ್ಚಿಡೋಣ ಅಂತ. ಅಲ್ಲಿ ಎಡವಿದ್ದೀರಿ.

ಚೀಟಿಯನ್ನು ಅಡ್ಡಕ್ಕೆ ಓದಬೇಡ, ಉದ್ದಕ್ಕೆ ಓದು. ರೀಡಿಂಗ್‌ನಲ್ಲಿ ದೊಡ್ಡದು 700, ಗಣಿತದಲ್ಲಿ ದೊಡ್ಡದು 770. ಕೂಡಿದರೆ 1470. ಇಲ್ಲಿ ಇದಕ್ಕೆ ಸೂಪರ್‌ಸ್ಕೋರ್ ಅಂತಾರೆ. ತುಂಬಾ ಕಾಲೇಜುಗಳು ಬೇರೆ ಬೇರೆ ದಿನದ ಪರೀಕ್ಷೆಗಳಿಂದ ಒಂದೊಂದು ಭಾಗದ ಹೆಚ್ಚಿನ ಅಂಕ ಎತ್ತಿಕೊಂಡು ತಾವೇ ಕೂಡಿಕೊಳ್ಳುತ್ತವೆ. ನೀನು ಅಕ್ಟೋಬರ್ ಒಂದನ್ನೇ ಕಳಿಸಿದರೆ ಅವರ ಕಣ್ಣಿಗೆ ನೀನು 1430ರ ಹುಡುಗಿ. ಎರಡನ್ನೂ ಕಳಿಸಿದರೆ 1470. ನಾಚಿಕೆಪಟ್ಟುಕೊಂಡು ಬಚ್ಚಿಡಲು ಹೊರಟ ಹಾಳೆಯಲ್ಲೇ ನಿನ್ನ 770 ಕೂತಿದೆ. ಕಂಪ್ಯೂಟರ್ ಸೈನ್ಸ್ ಓದುತ್ತೇನೆ ಅನ್ನುವವಳಿಗೆ ಇರುವ ದೊಡ್ಡ ಆಸ್ತಿಯೇ ಅದು, ಅಲ್ವಾ?

ಆಗಸ್ಟ್‌ನಿಂದ ಗಣಿತ ಮಾತ್ರ, ಅಕ್ಟೋಬರ್‌ನಿಂದ ಇಂಗ್ಲಿಷ್ ಮಾತ್ರ ಅಂತ ಬದನೆಕಾಯಿ ಆರಿಸಿದ ಹಾಗೆ ಆರಿಸಿ ಕಳಿಸುವುದಕ್ಕೆ ಆಗುವುದಿಲ್ಲ. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನವರು 2009ರಲ್ಲಿ ಸ್ಕೋರ್ ಚಾಯ್ಸ್ ಅಂತ ತಂದರು. ಅದರಲ್ಲಿ ಯಾವ ದಿನದ್ದು ಕಳಿಸಬೇಕು ಅಂತ ನೀನು ಹೇಳಬಹುದು, ಅಷ್ಟೇ. ಕಳಿಸಿದರೆ ಆ ದಿನದ್ದು ಪೂರ್ತಿ ಹೋಗುತ್ತದೆ.

ನಮ್ಮ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. 1996ರಲ್ಲಿ ನಾನು ಸ್ನಾತಕೋತ್ತರ ಪ್ರವೇಶಕ್ಕೆ ಕೇಳುವ ಜಿಆರ್‌ಇ ಪರೀಕ್ಷೆ ಬರೆದೆ. ಮೈಸೂರಿನಿಂದ ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ಚಿಕ್ಕಜ್ಜಿಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಎಚ್‌ಬಿ ಪೆನ್ಸಿಲ್ ಹಿಡಿದು ಗುಂಡಿ ಗುಂಡಿ ತುಂಬಿದ್ದು. ಶುಲ್ಕದಲ್ಲೇ ಸೇರಿದ್ದ ನಾಲ್ಕು ಯೂನಿವರ್ಸಿಟಿಗಳ ಕೋಡ್ ಪರೀಕ್ಷೆಗೆ ಮೊದಲೇ ಬರೆದು ಕೊಟ್ಟಾಗಿತ್ತು. ಇಂಗ್ಲಿಷಿನ ವರ್ಬಲ್ 480 ಬಂತು, ಗಣಿತದ ಕ್ವಾಂಟ್ 790. ಕಳಿಸಲಾ ಬೇಡವಾ ಅಂತ ಯಾರೂ ಕೇಳಲಿಲ್ಲ, ಸುಮ್ನೆ ಹೋಗಿಬಿಟ್ಟಿತು. ಇನ್ನೊಂದು ಸಲ ಬರೆದಿದ್ದರೆ ಅದರ ಜೊತೆಗೆ ಹಳೆಯದೂ ಹೋಗುತ್ತಿತ್ತು, ಐದು ವರ್ಷದವರೆಗೆ. ನಿಮ್ಮ ತಾತ ಆ ಸ್ಕೋರ್ ಹಾಳೆಯನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೊತೆ ತೆಗೆದುಕೊಂಡು ಹೋಗಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. 480ಕ್ಕೂ ಪ್ಲಾಸ್ಟಿಕ್ ಹೊದಿಕೆ!

ಇನ್ನು ನೀನು ಕಳಿಸಿದ ಎಕ್ಸೆಲ್ ಶೀಟ್. "ಸ್ಕೋರ್ ಬೇಕಾ" ಅನ್ನುವ ಕಾಲಮ್ಮಿನಲ್ಲಿ ಎಲ್ಲಾ ಸಾಲಿಗೂ "ಆಪ್ಷನಲ್" ಅಂತ ತುಂಬಿದ್ದೀಯಲ್ಲ, ಯಾರು ಹೇಳಿದರು? ಕೋವಿಡ್ ಬಂದಾಗ, 2020ರಲ್ಲಿ, ಪರೀಕ್ಷಾ ಕೇಂದ್ರಗಳೇ ಮುಚ್ಚಿದ್ದರಿಂದ ಹೆಚ್ಚುಕಮ್ಮಿ ಎಲ್ಲಾ ಕಾಲೇಜುಗಳೂ ಸ್ಕೋರ್ ಕಡ್ಡಾಯವಲ್ಲ ಅಂದಿದ್ದವು. ಆಮೇಲೆ ಎಂಐಟಿ 2022ರಲ್ಲಿ ಮತ್ತೆ ಬೇಕು ಅಂತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಕೊಲಂಬಿಯಾದವರು 2023ರಲ್ಲಿ ಆಪ್ಷನಲ್ ಆಗಿಯೇ ಇರುತ್ತೇವೆ ಅಂದಿದ್ದರು. ನಿನ್ನ ಸೀನಿಯರ್‌ಗೆ 2021ರಲ್ಲಿ ಯಾರೋ ಕೊಟ್ಟ ಸಲಹೆ ನಿನಗೆ ಹಳಸಿದ ಸಾರು. ಪ್ರತಿ ಕಾಲೇಜಿನ ಅಡ್ಮಿಷನ್ ಪುಟ ತೆಗೆದು, ಈ ವರ್ಷ ಅರ್ಜಿ ಹಾಕುವವರಿಗೆ ಅಂತ ಬರೆದಿರುವ ಸಾಲನ್ನೇ ಓದು.

ನಿನ್ನ ಪಟ್ಟಿಯಲ್ಲಿರುವ ಪರ್ಡ್ಯೂ, ಜಾರ್ಜಿಯಾ ಟೆಕ್ ಎರಡಕ್ಕೂ ಸ್ಕೋರ್ ಬೇಕೇ ಬೇಕು. ಎರಡೂ ಸೂಪರ್‌ಸ್ಕೋರ್ ಮಾಡುತ್ತವೆ. ಹಾಗಾಗಿ ಅಲ್ಲಿಗೆ ಆಗಸ್ಟ್, ಅಕ್ಟೋಬರ್ ಎರಡೂ ಹೋಗಲಿ, ಯೋಚನೆ ಮಾಡುವುದಕ್ಕೇ ಏನಿಲ್ಲ. ಡೇವಿಸ್, ಸ್ಯಾನ್ ಡಿಯಾಗೋ ಎರಡೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವು. ಅವರು ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ. ನೀನು 1600 ತೆಗೆದಿದ್ದರೂ ಅಷ್ಟೇ, 1000 ತೆಗೆದಿದ್ದರೂ ಅಷ್ಟೇ. ಅಲ್ಲಿಗೆ ಸ್ಕೋರ್ ಕಳಿಸಲು ದುಡ್ಡು ಸುರಿಯಬೇಡ, ಆ ಹೊತ್ತನ್ನು ಅವರು ಕೇಳುವ ನಾಲ್ಕು ಪ್ರಬಂಧಗಳಿಗೆ ಕೊಡು.

ಜಾರ್ಜ್‌ಟೌನ್ ಯಾಕೆ ಬಂತು ಅಂತ ಗೊತ್ತಾಗಲಿಲ್ಲ. ನಿಮ್ಮಮ್ಮ ಸೇರಿಸಿದ್ದಿರಬೇಕು. ಇರಲಿ. ಅವರು ನೀನು ಬರೆದ ಅಷ್ಟೂ ಎಸ್‌ಎಟಿಗಳ ಅಂಕ ಕೇಳುವವರು. ಅಂಥ ಕಡೆ ಸ್ಕೋರ್ ಚಾಯ್ಸ್ ಅಂತ ಜಾಣತನ ಮಾಡಲು ಹೋಗಬೇಡ. ಎಲ್ಲಾ ಕೊಟ್ಟಿದ್ದೇನೆ ಅಂತ ಸಹಿ ಹಾಕಿ ಒಂದನ್ನು ಬಚ್ಚಿಟ್ಟು, ಅದು ಗೊತ್ತಾದರೆ ಸಿಕ್ಕಿದ ಸೀಟೂ ಹೋಗಬಹುದು. ಅದೂ 20 ಅಂಕದ ವ್ಯತ್ಯಾಸಕ್ಕೆ!

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಆಪ್ಷನಲ್ ಕಾಲೇಜುಗಳ ವಿಷಯದಲ್ಲಿ. ನಿನ್ನ ಶೀಟಿನಲ್ಲಿ ನಿಜಕ್ಕೂ ಅಂಥವು ನಾಲ್ಕೇ ಇವೆ. ಅಲ್ಲಿ ಒಂದೇ ಉತ್ತರ ನಾಲ್ಕಕ್ಕೂ ಹೊಂದುವುದಿಲ್ಲ. ತುಂಬಾ ಕಾಲೇಜುಗಳು ವರ್ಷಕ್ಕೊಮ್ಮೆ ಕಾಮನ್ ಡೇಟಾ ಸೆಟ್ ಅಂತ ಒಂದು ಕಡತ ಹೊರಗೆ ಹಾಕುತ್ತವೆ. ಕಾಲೇಜಿನ ಹೆಸರಿನ ಜೊತೆ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಸಿ9 ಅನ್ನುವ ಭಾಗಕ್ಕೆ ಹೋಗು. ಸೇರಿದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಜನ ಎಸ್‌ಎಟಿ ಕೊಟ್ಟಿದ್ದರು, 25ನೇ ಪರ್ಸೆಂಟೈಲ್ ಎಷ್ಟು (ಅಂದರೆ ಕೊಟ್ಟವರಲ್ಲಿ ನೂರಕ್ಕೆ 25 ಜನ ಯಾವ ಅಂಕಕ್ಕಿಂತ ಕೆಳಗಿದ್ದರು), 50 ಎಷ್ಟು, 75 ಎಷ್ಟು, ಎಲ್ಲಾ ಇರುತ್ತದೆ. ಒಟ್ಟು ಅಂಕ ಮಾತ್ರ ಅಲ್ಲ, ಗಣಿತಕ್ಕೆ ಬೇರೆ, ರೀಡಿಂಗ್‌ಗೆ ಬೇರೆ.

ಆ ಅಂಕಿಗಳನ್ನು ನೋಡಿ ಬೆಚ್ಚಬೇಡ. ಒಂದು ಲೆಕ್ಕ ಹೇಳುತ್ತೇನೆ, ಸುಮ್ನೆ ಉದಾಹರಣೆಗೆ. ಒಂದು ಕಾಲೇಜಿನಲ್ಲಿ 25ನೇ ಪರ್ಸೆಂಟೈಲ್ 1450, 75ನೆಯದು 1530 ಅಂತ ಇಟ್ಟುಕೋ. ಪಕ್ಕದಲ್ಲೇ, ಸ್ಕೋರ್ ಕೊಟ್ಟವರು ನೂರಕ್ಕೆ 35 ಅಂತ ಇದೆ. ಹಾಗಾದರೆ ಉಳಿದ 65 ಜನ ಯಾರು? ಅವರಲ್ಲಿ ತುಂಬಾ ಜನ ತಮ್ಮ ಸ್ಕೋರ್ ಸಾಲದು ಅಂತ ಕೊಡದೇ ಇದ್ದವರಿರಬಹುದು. ಕಡಿಮೆ ಬಂದವರು ಹಿಂದೆ ಸರಿದಷ್ಟೂ ಕೊಟ್ಟವರ ಅಂಕಿ ಮೇಲಕ್ಕೆ ಹೋಗುತ್ತದೆ. ಮುಂದಿನ ವರ್ಷ ಅದನ್ನು ನೋಡಿ ಇನ್ನಷ್ಟು ಮಕ್ಕಳು ಹೆದರುತ್ತಾರೆ, ಮತ್ತೆ ಏರುತ್ತದೆ. ಹಾಗಾಗಿ 1490 ಇದ್ದರೆ ಮಾತ್ರ ಕಳಿಸಬಹುದು ಅಂತ ಮಧ್ಯದ ಅಂಕಿ ನೋಡಿ ತೀರ್ಮಾನ ಮಾಡಬೇಡ. ನಿನ್ನ 1470 ಆ 1450ರ ಕೆಳಗಿನ ಗೆರೆ ದಾಟಿದೆ, ಗಣಿತ ಚೆನ್ನಾಗಿದೆ. ನಾನಾದರೆ ಕಳಿಸುತ್ತೇನೆ.

ಕೆಳಗಿನ ಗೆರೆಗಿಂತ 20-30 ಕಡಿಮೆ ಇದ್ದರೆ? ಇಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನ್ಯೂಜೆರ್ಸಿಯ ಹೆಸರುವಾಸಿ ಸ್ಕೂಲಿನ ಮಗುವಿಗೆ ಬೇಡ ಅನ್ನುತ್ತಿದ್ದೆ. ಆ ಸ್ಕೂಲಿನಿಂದ ಅವರಿಗೆ ವರ್ಷಕ್ಕೆ ಹತ್ತಾರು ಅರ್ಜಿ ಬರುತ್ತವೆ, ಅಲ್ಲಿ ಎ ಗ್ರೇಡ್ ಅಂದರೆ ಎಷ್ಟು ತೂಕ ಅಂತ ಅವರಿಗೆ ಗೊತ್ತು. ನೀನು ಮೈಸೂರಿನ ಪಿಯು ಕಾಲೇಜಿನವಳು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ಅಂದರೆ ಏನು ಅಂತ ನಮ್ಮ ಬೀದಿಗೆ ಹಾಲು ಹಾಕುವವನಿಗೂ ಗೊತ್ತು, ಇಲ್ಲಿ ಕೂತು ಅರ್ಜಿ ಓದುವವರಿಗೆ ಗೊತ್ತಿರಬೇಕಲ್ಲ? ಅವರ ಕೈಗೆ ಪರಿಚಯವಿರುವ ಒಂದು ಅಳತೆಗೋಲು ಸಿಕ್ಕರೆ ಉಳಿದದ್ದನ್ನೂ ನಂಬಿಕೆಯಿಂದ ಓದುತ್ತಾರೆ. ಡಾರ್ಟ್‌ಮತ್‌ನ ನಾಲ್ವರು ಅಧ್ಯಾಪಕರು 2024ರಲ್ಲಿ ತಮ್ಮ ಕಾಲೇಜಿಗೆ ಬಂದ ಅರ್ಜಿಗಳನ್ನೇ ಕೆದಕಿ ನೋಡಿದಾಗ ಇಂಥದ್ದೇ ಒಂದು ಸಂಗತಿ ಸಿಕ್ಕಿತು. ಅನುಕೂಲ ಕಡಿಮೆ ಇದ್ದ ಮನೆಗಳ, 1400ರ ಆಸುಪಾಸಿನ ಮಕ್ಕಳು ಇದು ಸಾಲದು ಅಂದುಕೊಂಡು ಸ್ಕೋರ್ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಅವರಿಗೇ ಒಳ್ಳೆಯದಾಗುತ್ತಿತ್ತು. ಆ ಕಾಲೇಜು ಪರೀಕ್ಷೆಯನ್ನು ವಾಪಸ್ ತಂದದ್ದಕ್ಕೆ ಇದೂ ಒಂದು ಕಾರಣ.

ಗೆರೆಗಿಂತ ನೂರು ಕಡಿಮೆ ಇದ್ದರೆ ಬೇಡ, ಬಿಟ್ಟುಬಿಡು. ಅಲ್ಲಿ ನಿನ್ನ ಮಾರ್ಕ್ಸು, ಪ್ರಬಂಧ ಮಾತಾಡಲಿ. ಆಪ್ಷನಲ್ ಅಂದಮೇಲೆ ಕೊಡದಿರುವುದು ಕಳ್ಳತನವೇನಲ್ಲ. ಆದರೆ ಬಿಡುವ ಮೊದಲು ಸ್ಕಾಲರ್‌ಶಿಪ್ ಪುಟ ಒಮ್ಮೆ ನೋಡು. ಪ್ರವೇಶಕ್ಕೆ ಬೇಡ ಅನ್ನುವ ಕೆಲವರು ಸ್ಕಾಲರ್‌ಶಿಪ್‌ಗೆ ಕೇಳುತ್ತಾರೆ. ಮತ್ತೆ, ಎಸ್‌ಎಟಿ ಆಪ್ಷನಲ್ ಅಂದ ಮಾತ್ರಕ್ಕೆ ಇಂಗ್ಲಿಷ್ ಬರುತ್ತದಾ ಅಂತ ನೋಡುವ ಟೋಫೆಲ್ ಪರೀಕ್ಷೆ ತಪ್ಪಿತು ಅಂದುಕೊಳ್ಳಬೇಡ. ಅದು ಬೇರೆ ಗಂಟು.

ದುಡ್ಡಿನ ವಿಷಯ. ಒಂದು ಕಾಲೇಜಿಗೆ ಸ್ಕೋರ್ ಕಳಿಸಲು ಸಾವಿರ ರೂಪಾಯಿಗಿಂತ ಜಾಸ್ತಿ ಆಗುತ್ತದೆ. ತುಂಬಾ ಕಾಲೇಜುಗಳು ಅರ್ಜಿಯಲ್ಲಿ ನೀನೇ ಅಂಕ ಬರೆದರೆ ಸಾಕು, ಸೇರುವಾಗ ಮಾತ್ರ ಕಾಲೇಜ್ ಬೋರ್ಡ್‌ನಿಂದ ಕಳಿಸಿ ಅನ್ನುತ್ತವೆ. ಯಾವುವು ಹಾಗೆ ಅಂತ ಶೀಟಿನಲ್ಲಿ ಇನ್ನೊಂದು ಕಾಲಮ್ ಹಾಕು. ಹಾಗೆ ಬರೆಯುವಲ್ಲೂ ಆಯಾ ಭಾಗದ ದೊಡ್ಡ ಅಂಕ, ಅದು ಬಂದ ದಿನ ಅಂತ ಎರಡೂ ಕೇಳುತ್ತಾರೆ. ನೋಡಿಕೊಂಡು ತುಂಬು.

ಪರೀಕ್ಷೆ ಮುಗಿದು ಒಂಬತ್ತು ದಿನದೊಳಗೆ ಹೇಳಿದರೆ ನಾಲ್ಕು ಕಾಲೇಜಿಗೆ ಪುಕ್ಕಟೆ ಕಳಿಸುತ್ತಾರೆ. ಅಷ್ಟರೊಳಗೆ ಅಂಕ ಗೊತ್ತಾಗಿರುವುದಿಲ್ಲ, ಅದೇ ತೊಡಕು. ನಿಮ್ಮಣ್ಣ ಪುಕ್ಕಟೆ ಅಂತ ನಾಲ್ಕೂ ತುಂಬಿದ. ಆ ಸಲ ಅವನಿಗೆ ಜ್ವರ. 1290 ಬಂತು. ಎರಡು ದಿನ ಊಟ ಬಿಟ್ಟು ಕೂತಿದ್ದ. ಆಮೇಲೆ 1440 ತೆಗೆದು ಅದನ್ನೂ ಕಳಿಸಿದ. ನಾಲ್ಕರಲ್ಲಿ ಎರಡು ಕಡೆ ಸೀಟು ಸಿಕ್ಕಿತು, ಎರಡು ಕಡೆ ಇಲ್ಲ. 1290ರಿಂದ ಹಾಗಾಯಿತಾ, ಪ್ರಬಂಧದಿಂದಲಾ, ಯಾರಿಗೂ ಗೊತ್ತಿಲ್ಲ. ಅವನಿಗೂ ಈಗ ನೆನಪಿಲ್ಲ, ನನಗೇ ನೆನಪಿರುವುದು.

ಒಂದು ವಿಷಯ ಮಾತ್ರ ಅಂಕಕ್ಕಿಂತ ಮುಖ್ಯ, ಹೆಸರು. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಊರೋ ಅಪ್ಪನ ಹೆಸರೋ ಆಗಿ ಸರ್‌ನೇಮ್ ಜಾಗಕ್ಕೆ ಹೋಗಿ ಕೂತಿರುತ್ತದೆ. ನಾನು ಜಿಆರ್‌ಇಗೆ ಒಂದು ಥರ ಬರೆದು, ಅರ್ಜಿಗೆ ಇನ್ನೊಂದು ಥರ ಬರೆದಿದ್ದೆ. ಒಂದು ಯೂನಿವರ್ಸಿಟಿಯಿಂದ ಕಾಗದ ಬಂತು, ನಿಮ್ಮ ಸ್ಕೋರ್ ಇನ್ನೂ ಬಂದಿಲ್ಲ ಅಂತ. ಬಂದಿತ್ತು. ಅವರ ಕಚೇರಿಯಲ್ಲಿ ಇನ್ನೊಬ್ಬ ಹುಡುಗಿಯ ಫೈಲಾಗಿ ಕೂತಿತ್ತು, ಅವಳೂ ನಾನೇ. ಕಾಗದ ಹೋಗಿ ಬಂದು ಸರಿಯಾಗುವಷ್ಟರಲ್ಲಿ ಒಂದೂವರೆ ತಿಂಗಳು. ಎಸ್‌ಎಟಿ ಖಾತೆ, ಕಾಲೇಜುಗಳಿಗೆ ಅರ್ಜಿ ತುಂಬುವ ಕಾಮನ್ ಆಪ್, ಪಾಸ್‌ಪೋರ್ಟ್, ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಥರ ಇದೆಯಾ ನೋಡು. ಕಾಗುಣಿತದ ಒಂದು "ಎಚ್" ಕೂಡ ಬಿಡಬೇಡ.

ಡಿಸೆಂಬರ್‌ನಲ್ಲಿ ಮೂರನೇ ಸಲ ಬರೆಯಲಾ ಅಂತ ಕೊನೆಗೆ ಪಿಸುಗುಟ್ಟಿದ್ದೀಯ. ಬೇಡ. ಆಗ ನಿನಗೆ ಲ್ಯಾಬ್ ರೆಕಾರ್ಡು, ಪ್ರಿಪರೇಟರಿ ತಯಾರಿ ತಲೆ ಮೇಲೆ ಇರುತ್ತದೆ. 1470 ಹೋಗಿ 1490 ಆದರೆ ನಿನ್ನ ಪಟ್ಟಿಯ ಒಂದು ಕಾಲೇಜಿನಲ್ಲೂ ತೀರ್ಮಾನ ಬದಲಾಗುವ ಹಾಗೆ ನನಗೆ ಕಾಣಲಿಲ್ಲ. ಪಿಯು ಮಾರ್ಕ್ಸ್ ಬಿದ್ದರೆ ಮಾತ್ರ ಎಲ್ಲಾ ಕಡೆಯೂ ಬದಲಾಗುತ್ತದೆ.

ನವೆಂಬರ್ 1ಕ್ಕೆ ಮೊದಲ ಅರ್ಜಿಗಳು ಹೋಗಬೇಕು. ಈ ಶನಿವಾರ ಸಂಜೆ ನಿನಗೆ ಏಳು ಗಂಟೆ, ನನಗೆ ಬೆಳಿಗ್ಗೆ ಒಂಬತ್ತೂವರೆ, ಆಗ ಕಾಲ್ ಮಾಡುತ್ತೇನೆ. ಶೀಟ್ ತೆರೆದಿಟ್ಟುಕೊಂಡು, ಪಾಸ್‌ಪೋರ್ಟ್ ಪಕ್ಕದಲ್ಲಿ ಇಟ್ಟುಕೊಂಡು ಕೂತಿರು. ಅಷ್ಟರವರೆಗೆ ನಿನ್ನ ಸ್ಕೋರನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡ ಅಂತ ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ

ಮರೆತಿದ್ದೆ: ತಾತನ ಬೀರುವಿನ ಮೇಲಿನ ಅರೆಯಲ್ಲಿ ಹಳದಿ ಫೈಲಿದೆ. ಅದರಲ್ಲಿ ನನ್ನ 480ರ ಹಾಳೆ ಇನ್ನೂ ಇರಬೇಕು. ಸಿಕ್ಕರೆ ಒಂದು ಫೋಟೋ ತೆಗೆದು ಕಳಿಸು. ನಿಮ್ಮಣ್ಣನಿಗೆ ತೋರಿಸಬೇಕು.