ಹಾಡಿದವಳ ಪಾಲೆಷ್ಟು?

ಪ್ರೀತಿಯ ಗೆಳೆಯಾ,

ಹಂಗೇರಿಯ ಗಾಯಕಿ ಝುಝಾ ಕೊಂಟ್ಸ್ ಹಾಡುಗಳನ್ನು ಕಳಿಸಿದ್ದಕ್ಕೆ ನೀನು ಬರೆದ ಉತ್ತರ ಓದಿ ನಗುವೂ ಬಂತು, ಸಿಟ್ಟೂ ಬಂತು. "ದನಿ ಚೆನ್ನಾಗಿದೆ ಮಾರಾಯ. ಆದರೆ ಸಾಹಿತ್ಯ ಇನ್ನೊಬ್ಬರದು, ರಾಗ ಇನ್ನೊಬ್ಬರದು, ಇವಳದ್ದೇನು?" ಅಂತ ಕೇಳಿದ್ದೀಯ. ಭಾವಗೀತೆ ಕೇಳಿಕೊಂಡೇ ಬೆಳೆದವನು ನೀನು. ಬೇಂದ್ರೆಯವರ ಸಾಲನ್ನು ಯಾರದೋ ದನಿಯಲ್ಲಿ ಕೇಳುವ ಮೊದಲು ಪುಸ್ತಕದಲ್ಲಿ ಓದಿಕೊಂಡವರು ನಮ್ಮ ಗುಂಪಿನಲ್ಲಿ ಎಷ್ಟು ಜನ ಇದ್ದರು ಹೇಳು? ಅದಿರಲಿ. ಆಕೆಯ ಕಥೆ ಹೇಳುತ್ತೇನೆ, ಆಮೇಲೆ ಬೇಕಾದರೆ ಜಗಳ ಮುಂದುವರಿಸು.

ಹುಟ್ಟಿದ್ದು 1946ರ ಮಾರ್ಚ್ 7ರಂದು, ಹಂಗೇರಿಯ ಹೆವೆಶ್ ಜಿಲ್ಲೆಯ ಪೇಯ್ ಎಂಬ ಹಳ್ಳಿಯಲ್ಲಿ. 1962ರಲ್ಲಿ ಅಲ್ಲಿನ ಟಿವಿಯವರು ಒಂದು ಪ್ರತಿಭಾ ಸ್ಪರ್ಧೆ ಇಟ್ಟರು. ಹದಿನಾರರ ಹುಡುಗಿ ಗೆಳತಿಯೊಬ್ಬಳ ಜೊತೆ ಹೋಗಿ ಹಾಡಿದಳು, ಜನರ ಕಣ್ಣಿಗೆ ಬಿದ್ದಳು. ಆಮೇಲೆ ಸ್ವಲ್ಪ ಕಾಲ ಎಲ್ಲರ ಹಾಗೇ ಪಶ್ಚಿಮದಿಂದ ಬಂದ ಹಾಡುಗಳು, ಟಿವಿಯ ಹಾಡಿನ ಹಬ್ಬಗಳು, 1967ರಲ್ಲಿ ಬೀಟ್ ಸಂಗೀತದ, ಅಂದರೆ ಗಿಟಾರು ತಂಡಗಳ, ಹುಡುಗರನ್ನೆಲ್ಲ ತೆರೆಗೆ ತಂದ ಒಂದು ಸಿನಿಮಾ. ಇಷ್ಟೇ ಆಗಿದ್ದರೆ ನಿನ್ನ ಮಾತನ್ನು ಒಪ್ಪಿಕೊಂಡುಬಿಡುತ್ತಿದ್ದೆ.

ಕಥೆ ತಿರುಗುವುದು ಇಲ್ಲೇಶ್ ಎಂಬ ತಂಡದ ಜೊತೆ ಸೇರಿದಾಗ. ಆ ತಂಡದಲ್ಲಿ ಲೆವೆಂತೆ ಸೊರೇನಿ ರಾಗ ಹಾಕುತ್ತಿದ್ದ, ಯಾನೋಶ್ ಬ್ರೋಡಿ ಸಾಹಿತ್ಯ ಬರೆಯುತ್ತಿದ್ದ. ಇಂಗ್ಲಿಷ್ ಹಾಡಿನ ನಕಲು ಸಾಕು, ನಮ್ಮ ಭಾಷೆಯಲ್ಲಿ ನಮ್ಮದೇ ಹಾಡು ಕಟ್ಟೋಣ ಅಂತ ಹೊರಟವರು. 1969ರಲ್ಲಿ ಝುಝಾಳ ಮೊದಲ ಎಲ್‌ಪಿ ಬಂತು. ಅಲ್ಲಿಂದ ಮುಂದೆ ವರ್ಷಕ್ಕೊಂದರಂತೆ ರೆಕಾರ್ಡುಗಳು.

ಆದರೆ ಆಗಿನ ಹಂಗೇರಿಯಲ್ಲಿ ರೆಕಾರ್ಡು ಬರುವುದು ಎಂದರೇನು ಅಂತ ನಿನಗೆ ಗೊತ್ತಾಗಬೇಕು. ಕಮ್ಯುನಿಸ್ಟ್ ನಾಯಕ ಕಾದಾರ್‌ನ ಆಡಳಿತದ ಕಾಲ. ಇಡೀ ದೇಶಕ್ಕೆ ಇದ್ದದ್ದು ಸರ್ಕಾರದ ಒಂದೇ ಒಂದು ರೆಕಾರ್ಡ್ ಕಂಪನಿ. ಅಲ್ಲಿ ಪಾಪ್ ಸಂಗೀತದ ಬಾಗಿಲಲ್ಲಿ ಕೂತವನು ಪೇಟೆರ್ ಎರ್ಡೋಶ್. ಅವನನ್ನು ಜನ ಪಾಪ್ ಸೀಸರ್ ಅಂತಲೇ ಕರೆಯುತ್ತಿದ್ದರು. ಅವನಿಗೂ ಮೇಲೆ, ಸಂಸ್ಕೃತಿಯ ವಿಷಯದಲ್ಲಿ ಕೊನೆಯ ಮಾತು ಅತ್ಸೇಲ್ ಎಂಬ ಪಕ್ಷದ ಮುಖಂಡನದು. ಬರೆದದ್ದು, ಹಾಡಿದ್ದು, ಆಡಿದ್ದು ಎಲ್ಲಕ್ಕೂ ಮೂರು ಕಪಾಟು: ಬೆನ್ನು ತಟ್ಟುವಂಥದ್ದು, ಸಹಿಸಿಕೊಳ್ಳುವಂಥದ್ದು, ನಿಷೇಧಿಸುವಂಥದ್ದು. ನಾನು ಓದಿ ತಿಳಿದ ಮಟ್ಟಿಗೆ ನಡುವಿನ ಕಪಾಟೇ ಎಲ್ಲಕ್ಕಿಂತ ಕಷ್ಟದ್ದು. ಯಾವ ಬೆಳಿಗ್ಗೆ ಅಲ್ಲಿಂದ ಮೂರನೆಯದಕ್ಕೆ ಎತ್ತಿಡುತ್ತಾರೋ ಹೇಳಲಿಕ್ಕಾಗುತ್ತಿರಲಿಲ್ಲ. 1970ರಲ್ಲಿ ಇಲ್ಲೇಶ್ ತಂಡ ಇಂಗ್ಲೆಂಡಿಗೆ ಹೋದಾಗ ಬಿಬಿಸಿಯ ಮುಂದೆ ಬಾಯಿಬಿಟ್ಟು ಮಾತಾಡಿತು. ಊರಿಗೆ ಬಂದ ಮೇಲೆ ರಾಜಧಾನಿಯಲ್ಲಿ ಹಾಡುವುದಕ್ಕೇ ಬಿಡಲಿಲ್ಲ. ಇಂಥವರ ಜೊತೆ ಇವಳು ಹಾಡುತ್ತಲೇ ಇದ್ದಳು, ಅದನ್ನು ಗಮನಿಸು.

ಈಗ 1973ಕ್ಕೆ ಬರುತ್ತೇನೆ. ಆ ವರ್ಷ ಆಕೆಯ 'ಯೆಲ್‌ಬೆಸೇದ್', ಅಂದರೆ ಸಂಜ್ಞಾಭಾಷೆ, ಎಂಬ ರೆಕಾರ್ಡು ಹೊರಬಂತು. ಅದರಲ್ಲೊಂದು ಹಾಡು 'ಹಾ ಏನ್ ರೋಜಾ ವೋಲ್ನೇಕ್'. ನಾನು ಗುಲಾಬಿಯಾಗಿದ್ದಿದ್ದರೆ ಎಂದು ಶುರು. ಬ್ರೋಡಿ ಬರೆದದ್ದು, ರಾಗವೂ ಅವನದೇ. ಕೇಳಲಿಕ್ಕೆ ಮಕ್ಕಳ ಹಾಡು. ಗುಲಾಬಿಯಾದರೆ ಪದೇಪದೇ ಅರಳುತ್ತಿದ್ದೆ, ಬಾಗಿಲಾದರೆ ತೆರೆದೇ ಇರುತ್ತಿದ್ದೆ, ಹೀಗೆ ಒಂದೊಂದೇ ವಸ್ತು ಬರುತ್ತದೆ. ನಾಲ್ಕನೆಯದು ಬೀದಿ. ನನ್ನ ಮೇಲೆ ಸರಪಳಿ ಗಾಲಿ ಉರುಳಿದರೆ ಕೆಳಗಿನ ನೆಲವೂ ಅತ್ತು ಕುಸಿಯುತ್ತಿತ್ತು ಅನ್ನುತ್ತದೆ ಆ ಬೀದಿ. ಸರಪಳಿ ಗಾಲಿ ಯಾವುದಕ್ಕಿರುತ್ತದೆ? ಜನರ ದಂಗೆಯನ್ನು ಅಡಗಿಸಲು ರಾಜಧಾನಿ ಬುಡಾಪೆಸ್ಟಿನ ಬೀದಿಗಳಲ್ಲಿ ಸೋವಿಯತ್ ಟ್ಯಾಂಕುಗಳು ಉರುಳಿದ್ದು 1956ರಲ್ಲಿ. ಹದಿನೇಳು ವರ್ಷ ಅದರ ಬಗ್ಗೆ ಬಹಿರಂಗವಾಗಿ ಯಾರೂ ಅಳುವ ಹಾಗಿರಲಿಲ್ಲ. ಕೊನೆಯಲ್ಲಿ ಬಾವುಟ. ಬಂದ ಗಾಳಿಗೆಲ್ಲ ಹಾರಾಡುವುದು ತನಗೆ ಬೇಡ ಎನ್ನುವ ಬಾವುಟ. ಪಕ್ಷದ ಬಾವುಟ ಎಲ್ಲೆಲ್ಲೂ ಹಾರುತ್ತಿದ್ದ ದೇಶದಲ್ಲಿ!

ಸರ್ಕಾರಕ್ಕೆ ಅರ್ಥವಾಯಿತು. ರೆಕಾರ್ಡನ್ನು ವಾಪಸು ತರಿಸಿ ಪುಡಿ ಮಾಡಿಸಿದರು. ಆಗಲೇ ಕೊಂಡವರ ಮನೆಯಲ್ಲಿ ಉಳಿದದ್ದಷ್ಟೇ ಉಳಿಯಿತು.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇರುವುದು ಇಲ್ಲೇ. ಬರೆದವನು ಬ್ರೋಡಿ, ನಿಜ. ಅವನಿಗೂ ಕಾಟ ತಪ್ಪಲಿಲ್ಲ. ಆದರೆ ರೆಕಾರ್ಡಿನ ಮೇಲಿದ್ದ ಹೆಸರು ಇವಳದು, ಮುಖ ಇವಳದು. ಪುಡಿಯಾದದ್ದು ಇವಳ ಒಂದು ವರ್ಷದ ಕೆಲಸ. ಆ ಬೀದಿಯ ಸಾಲನ್ನು ಹಾಡುವ ರೀತಿ ಕೇಳು. ದನಿ ಏರಿಸುವುದಿಲ್ಲ, ಗದ್ಗದವಿಲ್ಲ, ಗುಲಾಬಿಯ ಸಾಲನ್ನು ಎಷ್ಟು ಸರಳವಾಗಿ ಹೇಳಿದಳೋ ಅಷ್ಟೇ ಸರಳವಾಗಿ ಟ್ಯಾಂಕಿನ ಸಾಲನ್ನೂ ಹೇಳಿ ಮುಂದೆ ಹೋಗುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಎದೆ ಬಡಿದುಕೊಂಡು ಹಾಡನ್ನು ಭಾಷಣ ಮಾಡಿಬಿಡುತ್ತಿದ್ದರು. ಈ ತೀರ್ಮಾನ ಬರೆದವನ ಕೈಯಲ್ಲಿರಲಿಲ್ಲ, ಹಾಡುವವಳ ಗಂಟಲಲ್ಲಿತ್ತು.

ಹಾಡು ಸಾಯಲಿಲ್ಲ. ಗಿಟಾರ್ ಕಲಿಯಲು ಕೂತವನಿಗೂ ನಿಲುಕುವ ರಾಗ ಅದು. ಶಿಬಿರಗಳಲ್ಲಿ ಬೆಂಕಿಯ ಸುತ್ತ ಕೂತವರು ಹಾಡಿಕೊಂಡೇ ಉಳಿಸಿದರು. ಹತ್ತು ವರ್ಷದ ಮೇಲೆ, 1983ರಲ್ಲಿ, ಅದೇ ಕಂಪನಿ ಅದೇ ರೆಕಾರ್ಡನ್ನು ಮತ್ತೆ ಹೊರತಂದಿತು! ಅದೇ ವರ್ಷ ಸೊರೇನಿ ಮತ್ತು ಬ್ರೋಡಿಯ ರಾಕ್ ಒಪೆರಾ ಬುಡಾಪೆಸ್ಟಿನ ಉದ್ಯಾನದಲ್ಲಿ ಬಯಲಿನಲ್ಲೇ ನಡೆಯಿತು. ಕಾಲ ಸಡಿಲವಾಗಿತ್ತು, ಅಷ್ಟೇ. ಅವರು ಒಳ್ಳೆಯವರಾದರು ಅಂತ ನಾನು ನಂಬುವುದಿಲ್ಲ.

ನಡುವಿನ ಆ ಹತ್ತು ವರ್ಷ ಆಕೆ ಸುಮ್ಮನೆ ಕೂತಿರಲಿಲ್ಲ. ಇಲ್ಲೇಶ್ ಒಡೆದ ಮೇಲೆ ಅದರವರೇ ಕೆಲವರು ಫೋನೋಗ್ರಾಫ್ ಅಂತ ಹೊಸ ತಂಡ ಕಟ್ಟಿ ಇವಳ ಹಿಂದೆ ನುಡಿಸಿದರು. 1975ರಲ್ಲಿ 'ಕೆರ್ತೇಸ್ ಲೆಸೆಕ್' ಎಂಬ ರೆಕಾರ್ಡು ಬಂತು. ಹೆಸರು ಅತ್ತಿಲಾ ಯೋಜೆಫ್ ಕವಿತೆಯದು, ನಾನು ತೋಟಗಾರನಾಗುವೆ ಎಂದು. ಕಡುಬಡತನದಲ್ಲಿ ಬೆಳೆದು 1937ರಲ್ಲಿ, ಮೂವತ್ತೆರಡಕ್ಕೇ ರೈಲಿನಡಿ ಸತ್ತ ಕವಿ ಅವನು. ಹಂಗೇರಿಯವರಿಗೆ ಅವನೆಂದರೆ ಪ್ರಾಣ. ಶಾಲೆಯ ಪುಸ್ತಕದಲ್ಲಿದ್ದ ಆ ಕವಿತೆಯನ್ನು ಪಾಪ್ ಕೇಳುವ ಹುಡುಗರ ನಾಲಿಗೆಯ ಮೇಲಿಟ್ಟವಳು ಇವಳು. ಪೂರ್ವ ಜರ್ಮನಿಗೂ ಹೋಗಿ ಜರ್ಮನ್ನಿನಲ್ಲಿ ಹಾಡಿದಳು. ಜರ್ಮನ್ ರೆಕಾರ್ಡುಗಳಲ್ಲಿ ಕೆಲವದರ ಮೇಲೆ ಹೆಸರು ಶುಶಾ ಅಂತ ಇದೆ, ನೀನು ಹುಡುಕುವಾಗ ಗಲಿಬಿಲಿಯಾಗಬೇಡ. ಆ ಜರ್ಮನ್ ಹಾಡುಗಳು ನನಗೆ ಅಷ್ಟು ರುಚಿಸಲಿಲ್ಲ, ಮಾತು ಎಲ್ಲೋ ದನಿ ಎಲ್ಲೋ.

ಆಡಳಿತ ಉರುಳಿದ ಮೇಲೆ ದೇಶದ ದೊಡ್ಡ ಗೌರವವಾದ ಕೊಶೂತ್ ಪ್ರಶಸ್ತಿಯೂ ಬಂತು. ಎಪ್ಪತ್ತು ದಾಟಿದ ಮೇಲೂ ವೇದಿಕೆ ಏರಿದ್ದಾಳೆ, ಬ್ರೋಡಿಯ ಹಾಡುಗಳನ್ನೇ ಹಾಡುತ್ತ.

ಈ ಸಲ ಕೇಳುವಾಗ 'ಕೆರ್ತೇಸ್ ಲೆಸೆಕ್' ಮೊದಲು ಹಾಕು, ಗುಲಾಬಿಯ ಹಾಡು ಆಮೇಲೆ. ಭಾಷೆ ತಿಳಿಯದಿದ್ದರೂ ಪರವಾಗಿಲ್ಲ, ನಾಲ್ಕನೆಯ ಚರಣ ಎಲ್ಲಿ ಶುರುವಾಗುತ್ತದೆ ಅಂತ ಗುರುತು ಹಾಕಿಕೋ. ಅಲ್ಲಿ ಅವಳ ದನಿ ಬದಲಾಯಿತು ಅಂತ ನಿನಗೆ ಅನ್ನಿಸಿದರೆ ಬರೆ, ನಾನು ಸೋತೆ ಅಂತಿಟ್ಟುಕೋ.

ನಿನ್ನ,
ಹಳೆಯ ಗೆಳೆಯ